ಬರ್ಲಿನ್‌ನಲ್ಲಿ ನಾಜಿ ಕಾಲದ ತಾಣಗಳನ್ನು ನೋಡುವವರಿಗೆ: ಯಾವುದು ಮೊದಲು, ಎಷ್ಟು ಹೊತ್ತು, ಯಾವ ಎಚ್ಚರ

ಬರ್ಲಿನ್‌ಗೆ ಕಚೇರಿ ಕೆಲಸದ ಮೇಲೆ ಹೋಗುವವರು, ಓದಲು ಹೋದವರು, ಅಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಬೇಸಿಗೆ ಕಳೆಯಲು ಹೋಗುವ ತಂದೆ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಹಿಟ್ಲರ್ ಕಾಲದ ಜಾಗಗಳನ್ನೆಲ್ಲ ಒಂದು ದಿನದಲ್ಲಿ ನೋಡಿ ಮುಗಿಸಬಹುದೇ? ಬಸ್ಸು, ರೈಲು ಚೆನ್ನಾಗಿರುವ ಊರಾದ್ದರಿಂದ ಕಾಲು ಸವೆಸಿದರೆ ಮುಗಿಸಬಹುದು. ಆದರೆ ಸಂಜೆ ಮನೆಗೆ ಬಂದಾಗ ಫೋನಿನಲ್ಲಿ ಬೂದು ಕಲ್ಲುಗಳ ನೂರು ಫೋಟೊ ಇರುತ್ತವೆಯೇ ಹೊರತು ಆ ಜಾಗಗಳಲ್ಲಿ ಏನು ನಡೆಯಿತು, ಒಂದಕ್ಕೊಂದು ಏನು ಸಂಬಂಧ ಎಂಬುದು ತಲೆಗೆ ಹತ್ತಿರುವುದಿಲ್ಲ.

ಹೊರಡುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಯಹೂದಿಗಳ ಸಾಮೂಹಿಕ ಹತ್ಯೆಯ ಬಹುಭಾಗ ನಡೆದದ್ದು ಜರ್ಮನಿ ಆಕ್ರಮಿಸಿಕೊಂಡಿದ್ದ ಪೋಲೆಂಡಿನಲ್ಲಿ ಮತ್ತು ಅಂದಿನ ಸೋವಿಯತ್ ಒಕ್ಕೂಟದ ಪಶ್ಚಿಮ ಭಾಗಗಳಲ್ಲಿ. ಬರ್ಲಿನ್ ಆ ಹತ್ಯೆಯ ಕಚೇರಿಯಾಗಿತ್ತು. ಕಡತ, ಸುತ್ತೋಲೆ, ಹೆಸರಿನ ಪಟ್ಟಿ, ರೈಲಿನ ವೇಳಾಪಟ್ಟಿ, ಸಹಿ ಮತ್ತು ಮೊಹರು ಸಿದ್ಧವಾದದ್ದು ಇಲ್ಲಿ. ಹಾಗಾಗಿ ಈ ಊರಿನಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ಓದಬೇಕಾದದ್ದು ಹೆಚ್ಚು. ಕೆಳಗಿನ ಕ್ರಮವನ್ನು ಅದಕ್ಕೆ ತಕ್ಕಂತೆ ಹೊಂದಿಸಿದ್ದೇನೆ: ಮೊದಲು ಮನೆ ಬಾಗಿಲು, ನಂತರ ಕಾನೂನು, ನಂತರ ಕಚೇರಿ, ನಂತರ ರೈಲು ನಿಲ್ದಾಣ, ಕೊನೆಗೆ ಶಿಬಿರ. ಇದಕ್ಕೆ ಮೂರು ದಿನ ಬೇಕು. ಎರಡೇ ದಿನ ಇದ್ದರೆ ಯಾವುದನ್ನು ಬಿಡಬಹುದೆಂದು ಆಯಾ ಹಂತದಲ್ಲಿ ಹೇಳಿದ್ದೇನೆ.

ಹೊರಡುವ ಮೊದಲು

ಪ್ರವೇಶ ಶುಲ್ಕದ ಚಿಂತೆ ಬೇಡ. ಇಲ್ಲಿ ಹೇಳಿರುವ ಎಲ್ಲ ತಾಣಗಳಿಗೂ ಪ್ರವೇಶ ಉಚಿತ. ಆಡಿಯೊ ಗೈಡ್ ಅಥವಾ ಮಾರ್ಗದರ್ಶಕರು ಬೇಕಾದರೆ ಮಾತ್ರ ಹಣ ಕೊಡಬೇಕಾದೀತು. ಸೋಮವಾರದ ಬಗ್ಗೆ ಮಾತ್ರ ಎಚ್ಚರವಿರಲಿ. ಜರ್ಮನಿಯಲ್ಲಿ ಅನೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ಚಳಿಗಾಲದಲ್ಲಿ ವೇಳೆಯೂ ಬದಲಾಗುತ್ತದೆ. ಹೋಗುವ ಹಿಂದಿನ ರಾತ್ರಿ ಆಯಾ ತಾಣದ ಜಾಲತಾಣವನ್ನೇ ನೋಡಿ; ನಕ್ಷೆಯ ಆ್ಯಪ್ ತೋರಿಸುವ ವೇಳೆಯನ್ನು ನಂಬಿ ಹೊರಡಬೇಡಿ.

ಬರ್ಲಿನ್‌ನ ಸಾರಿಗೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿದ್ದಾರೆ. ನಗರದೊಳಗೆ ಎಬಿ ಟಿಕೆಟ್ ಸಾಕು. ಕೊನೆಯ ಹಂತದಲ್ಲಿ ಬರುವ ಸಾಕ್ಸೆನ್‌ಹೌಸೆನ್ ಶಿಬಿರ ಸಿ ವಲಯದಲ್ಲಿದೆ, ಅದಕ್ಕೆ ಎಬಿಸಿ ಟಿಕೆಟ್ಟೇ ಬೇಕು. ಯಂತ್ರದಿಂದ ಕಾಗದದ ಟಿಕೆಟ್ ತೆಗೆದುಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಇಲ್ಲದ ಟಿಕೆಟ್ಟಿಗೆ ಸಮ, ದಂಡ 60 ಯೂರೊ. ಗೇಟು, ಕಾವಲು ಏನೂ ಇಲ್ಲದ ನಿಲ್ದಾಣಗಳನ್ನು ನೋಡಿ ತಪಾಸಣೆಯೇ ಇಲ್ಲವೆಂದು ತಿಳಿದ ನಮ್ಮವರು ಅನೇಕರು. ನಾನೂ ಒಮ್ಮೆ ಅವರಲ್ಲಿ ಒಬ್ಬನಾಗಿದ್ದೆ.

ಸ್ವಸ್ತಿಕದ ವಿಷಯವನ್ನು ಬಿಡಿಸಿ ಹೇಳಲೇಬೇಕು. ನಾಜಿ ಚಿಹ್ನೆಯನ್ನು ಜರ್ಮನರು ಹಾಕೆನ್‌ಕ್ರೊಯ್ಟ್ಸ್, ಅಂದರೆ ಕೊಕ್ಕೆಯ ಶಿಲುಬೆ ಎನ್ನುತ್ತಾರೆ. ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಲ್ಲಿನ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಅಪರಾಧ. ನಮ್ಮ ಪೂಜೆಯ ಸ್ವಸ್ತಿಕ ಬೇರೆಯೆಂಬುದು ನಿಜ, ಧಾರ್ಮಿಕ ಬಳಕೆಯ ಮೇಲೆ ಕಾನೂನಿನ ಕಣ್ಣೂ ಇಲ್ಲ. ಆದರೂ ಕತ್ತಿನ ಪದಕ, ಮದುವೆ ಮನೆಯಲ್ಲಿ ಕೊಟ್ಟ ಬಟ್ಟೆಯ ಚೀಲ, ಸೆರಗಿನ ಅಂಚು, ಫೋನಿನ ಹಿಂಬದಿಯ ಅಂಟುಚಿತ್ರ, ಇವುಗಳಲ್ಲಿ ಸ್ವಸ್ತಿಕವಿದ್ದರೆ ಈ ತಾಣಗಳಿಗೆ ಹೋಗುವ ದಿನ ಮನೆಯಲ್ಲೇ ಬಿಡಿ. ನಿಮ್ಮ ಪಕ್ಕದಲ್ಲಿ ನಿಂತಿರುವವರ ಅಜ್ಜಿ ಅದೇ ಶಿಬಿರದಲ್ಲಿ ಸತ್ತಿರಬಹುದು. ಅವರಿಗೆ ವಿವರಣೆ ಕೊಡುವ ಪ್ರಸಂಗವೇ ಬರಬಾರದು. ತಮಾಷೆಗೆ ಕೈಯೆತ್ತಿ ಹಿಟ್ಲರ್ ಮಾದರಿಯಲ್ಲಿ ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಳ್ಳುವುದೂ ಅದೇ ಕಲಮಿನಡಿ ಬರುತ್ತದೆ. ವಿದೇಶಿ ಪ್ರವಾಸಿಗರನ್ನು ಈ ಕಾರಣಕ್ಕೆ ಪೊಲೀಸರು ಹಿಡಿದದ್ದಿದೆ.

ಹಂತ 1: ನೀವು ಉಳಿದುಕೊಂಡಿರುವ ಬೀದಿಯಿಂದಲೇ ಆರಂಭಿಸಿ

ಬರ್ಲಿನ್‌ನ ಕಾಲುದಾರಿಗಳಲ್ಲಿ ಸಣ್ಣ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆಯ ಚೌಕಗಳು ಕಾಣುತ್ತವೆ. ಇವುಗಳ ಹೆಸರು ಶ್ಟೋಲ್ಪರ್‌ಶ್ಟೈನ್, ಅಂದರೆ ಎಡವುಗಲ್ಲು. ಗುಂಟರ್ ಡೆಮ್ನಿಶ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಕೆಲಸವಿದು. ಇಂದು ಯುರೋಪಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ. ನಾಜಿಗಳು ಹಿಡಿದೊಯ್ದ ಅಥವಾ ಓಡಿಸಿದ ವ್ಯಕ್ತಿ ತಾನಾಗಿಯೇ ಆರಿಸಿಕೊಂಡು ಬದುಕಿದ್ದ ಕೊನೆಯ ಮನೆಯ ಮುಂದೆ ಒಬ್ಬರಿಗೆ ಒಂದರಂತೆ ಇವನ್ನು ಹೂಳುತ್ತಾರೆ.

ಬಗ್ಗಿ ಓದಬೇಕು. ಬರಹ ಜರ್ಮನ್ ಭಾಷೆಯಲ್ಲಿದ್ದರೂ ಏಳೆಂಟು ಪದ ಗೊತ್ತಿದ್ದರೆ ಇಡೀ ಕಲ್ಲು ಅರ್ಥವಾಗುತ್ತದೆ. ಮೊದಲ ಸಾಲು ಸಾಮಾನ್ಯವಾಗಿ “ಹೀರ್ ವೋನ್ಟೆ”, ಇಲ್ಲಿ ವಾಸವಾಗಿದ್ದರು. ನಂತರ ಹೆಸರು. ಅದರ ಕೆಳಗೆ “ಯಾರ್‌ಗಾಂಗ್” ಅಥವಾ ಅದರ ಸಂಕ್ಷೇಪ “JG.”, ಹುಟ್ಟಿದ ವರ್ಷ. ಹೆಂಗಸರ ಹೆಸರಿನಡಿ “ಗೆಬೋರೆನೆ” ಎಂದಿದ್ದರೆ ಮುಂದಿನದು ತವರಿನ ಮನೆತನದ ಹೆಸರು. “ಡೆಪೋರ್ಟೀರ್ಟ್” ಎಂದರೆ ಬಲವಂತವಾಗಿ ಸಾಗಿಸಲಾಯಿತು, ಪಕ್ಕದಲ್ಲಿ ಇಸವಿ ಮತ್ತು ಊರು. “ಎರ್ಮೋರ್ಡೆಟ್” ಎಂದರೆ ಕೊಲ್ಲಲಾಯಿತು. “ಊಬರ್‌ಲೆಬ್ಟ್” ಎಂದರೆ ಬದುಕುಳಿದರು. “ಫ್ಲುಖ್ಟ್ ಇನ್ ಡೆನ್ ಟೋಡ್”, ಸಾವಿನೊಳಕ್ಕೆ ಪಲಾಯನ ಎಂದು ಬರೆದಿದ್ದರೆ ಸಾಗಿಸುವ ಆದೇಶ ಬಂದ ಮೇಲೆ ಅಥವಾ ಅದಕ್ಕೆ ಹೆದರಿ ಆತ್ಮಹತ್ಯೆ ಮಾಡಿಕೊಂಡರೆಂದು ಅರ್ಥ. ಒಂದೇ ಬಾಗಿಲ ಮುಂದೆ ನಾಲ್ಕು ಕಲ್ಲು ಅಕ್ಕಪಕ್ಕ ಇದ್ದು, ಮನೆತನದ ಹೆಸರು ಒಂದೇ ಆಗಿದ್ದು, ಹುಟ್ಟಿದ ವರ್ಷಗಳಲ್ಲಿ ಎರಡು 1930ರ ದಶಕದ್ದಾಗಿದ್ದರೆ ನೀವು ನೋಡುತ್ತಿರುವುದು ಗಂಡ, ಹೆಂಡತಿ ಮತ್ತು ಎರಡು ಮಕ್ಕಳನ್ನು.

ತುಳಿಯಬಾರದೇ ಎಂದು ಕೇಳುವವರಿದ್ದಾರೆ. ಹೆಸರನ್ನು ಕಾಲಿನಲ್ಲಿ ಮೆಟ್ಟುವುದು ನಮಗೆ ಸಂಕೋಚದ ವಿಷಯ. ಅಲ್ಲೂ ಈ ಬಗ್ಗೆ ವಾದವಿದೆ, ಮ್ಯೂನಿಕ್ ನಗರಾಡಳಿತ ಇದೇ ಕಾರಣಕ್ಕೆ ತನ್ನ ಬೀದಿಗಳಲ್ಲಿ ಇವುಗಳಿಗೆ ಅನುಮತಿ ಕೊಡಲಿಲ್ಲ. ಬರ್ಲಿನ್‌ನಲ್ಲಿ ತುಳಿದರೆ ಯಾರೂ ತಪ್ಪೆನ್ನುವುದಿಲ್ಲ, ಬಳಸಿ ನಡೆದರೂ ಆಶ್ಚರ್ಯಪಡುವುದಿಲ್ಲ.

ಹಂತ 2: ಬಯೇರಿಷರ್ ಪ್ಲಾಟ್ಸ್, ದೀಪದ ಕಂಬಗಳ ಮೇಲಿನ ಕಾನೂನು

ಪ್ರವಾಸಿಗರ ಪಟ್ಟಿಗಳಲ್ಲಿ ಈ ಜಾಗಕ್ಕೆ ಸ್ಥಾನ ಸಿಗುವುದು ಅಪರೂಪ. ನನ್ನ ಮಟ್ಟಿಗೆ ಬರ್ಲಿನ್‌ನಲ್ಲಿ ಮೊದಲು ನೋಡಬೇಕಾದದ್ದು ಇದೇ. ಶೋನೆಬೆರ್ಗ್ ಭಾಗದ ಈ ಬಡಾವಣೆಯಲ್ಲಿ ಯುದ್ಧಕ್ಕೆ ಮೊದಲು ವಕೀಲರು, ವೈದ್ಯರು, ವ್ಯಾಪಾರಿಗಳಾಗಿದ್ದ ಯಹೂದಿ ಕುಟುಂಬಗಳು ಬಹಳವಿದ್ದವು. ಯು7 ಅಥವಾ ಯು4 ಮೆಟ್ರೊದಲ್ಲಿ ಬಯೇರಿಷರ್ ಪ್ಲಾಟ್ಸ್ ನಿಲ್ದಾಣದಲ್ಲಿ ಇಳಿದು ಸುತ್ತಲಿನ ಬೀದಿಗಳಲ್ಲಿ ಒಂದೂವರೆ ಗಂಟೆ ನಿಧಾನವಾಗಿ ನಡೆಯಿರಿ.

ದೀಪದ ಕಂಬಗಳ ಮೇಲೆ ಒಟ್ಟು 80 ಫಲಕಗಳಿವೆ. ರೆನಾಟಾ ಶ್ಟಿ ಮತ್ತು ಫ್ರೀಡರ್ ಶ್ನೋಕ್ 1993ರಲ್ಲಿ ಮಾಡಿದ ಸ್ಮಾರಕವಿದು. ಒಂದು ಬದಿಯಲ್ಲಿ ಮಕ್ಕಳ ಪುಸ್ತಕದಲ್ಲಿರುವಂಥ ಮುದ್ದಾದ ಚಿತ್ರ, ಇನ್ನೊಂದು ಬದಿಯಲ್ಲಿ ಒಂದು ಕಾನೂನಿನ ಸಾಲು ಮತ್ತು ಅದರ ದಿನಾಂಕ. ಬ್ರೆಡ್ಡಿನ ಚಿತ್ರದ ಹಿಂದೆ: ಬರ್ಲಿನ್‌ನ ಯಹೂದಿಗಳು ಆಹಾರ ಪದಾರ್ಥ ಕೊಳ್ಳುವುದು ಮಧ್ಯಾಹ್ನ ನಾಲ್ಕರಿಂದ ಐದರವರೆಗೆ ಮಾತ್ರ, 4 ಜುಲೈ 1940. ಬೆಕ್ಕಿನ ಚಿತ್ರದ ಹಿಂದೆ: ಯಹೂದಿಗಳು ಇನ್ನು ಮುಂದೆ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, 1942. 1933ರ ನಂತರದ ವರ್ಷಗಳಲ್ಲಿ ಒಂದು ಜನಸಮುದಾಯವನ್ನು ಬಾಜಾರಿನಿಂದ, ಉದ್ಯಾನದ ಬೆಂಚಿನಿಂದ, ಶಾಲೆಯಿಂದ ಕಿತ್ತದ್ದು ಇಂಥ ಒಂದೊಂದು ಸಾಲಿನ ಆದೇಶಗಳಿಂದ. 1933ರಲ್ಲಿ ಬರ್ಲಿನ್‌ನಲ್ಲಿದ್ದ ಯಹೂದಿಗಳು ಸುಮಾರು 1,60,000.

ಫಲಕಗಳ ಬರಹ ಜರ್ಮನ್‌ನಲ್ಲಿ ಮಾತ್ರ ಇದೆ. ಫೋನಿನ ಕ್ಯಾಮೆರಾ ಅನುವಾದ ಸಾಕಾಗುತ್ತದೆ, ಆದರೆ ಸುತ್ತಲಿರುವುದು ಜನ ವಾಸಿಸುವ ಮನೆಗಳು. ಕಿಟಕಿಗಳತ್ತ ಕ್ಯಾಮೆರಾ ತಿರುಗಿಸಬೇಡಿ.

ಹಂತ 3: ನಗರದ ನಡುವಿನ ಕಚೇರಿಗಳು

ಇದಕ್ಕೆ ಅರ್ಧ ದಿನವಾದರೂ ಬೇಕು. ಆರಂಭ ಟೊಪೊಗ್ರಾಫಿ ಆಫ್ ಟೆರರ್‌ನಿಂದ ಆಗಲಿ. ಗೆಸ್ಟಾಪೊ ಎಂಬ ಗುಪ್ತ ಪೊಲೀಸು, ಹಿಟ್ಲರನ ಖಾಸಗಿ ಪಡೆಯಾಗಿ ಹುಟ್ಟಿ ದೇಶದೊಳಗೊಂದು ದೇಶವಾಗಿ ಬೆಳೆದ ಎಸ್‌ಎಸ್, ಇವೆರಡರ ಮುಖ್ಯ ಕಚೇರಿಗಳು ನಿಂತಿದ್ದ ನೆಲವಿದು. ಆಗಿನ ಕಟ್ಟಡಗಳಿಲ್ಲ, ಗೆಸ್ಟಾಪೊ ಸೆರೆಮನೆಯ ತಳಪಾಯ ಮಾತ್ರ ಉಳಿದಿದೆ. 2010ರಲ್ಲಿ ತೆರೆದ ಬೂದು ಬಣ್ಣದ ತಗ್ಗು ಕಟ್ಟಡದಲ್ಲಿ ಪ್ರದರ್ಶನವಿದೆ. ವಿವರಣೆ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ.

ಪ್ರದರ್ಶನವೆಂದರೆ ಬಹುಪಾಲು ಫಲಕಗಳು, ಫೋಟೊಗಳು, ದಾಖಲೆಗಳ ಪ್ರತಿಗಳು. ಅರ್ಧ ದಾರಿಯಲ್ಲಿ ಕಣ್ಣು ದಣಿಯುತ್ತದೆ. ಎಲ್ಲವನ್ನೂ ಓದಲು ಹೊರಡದೆ, ಸಂಸ್ಥೆಗಳು ಹೇಗೆ ಒಂದರೊಳಗೊಂದು ಬೆರೆತವು ಎಂಬ ಭಾಗವನ್ನೂ, ಕೊನೆಯಲ್ಲಿ ಬರುವ ಯುದ್ಧಾನಂತರದ ಭಾಗವನ್ನೂ ಗಮನವಿಟ್ಟು ಓದಿ. ಎಷ್ಟೋ ಅಧಿಕಾರಿಗಳು ವಿಚಾರಣೆಯನ್ನೇ ಎದುರಿಸದೆ ಮತ್ತೆ ಉದ್ಯೋಗಕ್ಕೆ ಸೇರಿ, ನಿವೃತ್ತಿ ವೇತನ ಪಡೆದು ಮುಪ್ಪಿನಲ್ಲಿ ಸತ್ತ ಕಥೆ ಅಲ್ಲಿದೆ.

ಇಲ್ಲಿ ಬಹಳ ಜನ ಎಡವುವುದು ಗೋಡೆಯ ವಿಷಯದಲ್ಲಿ. ಆವರಣದ ಅಂಚಿನಲ್ಲೇ ಬರ್ಲಿನ್ ಗೋಡೆಯ ಸುಮಾರು 200 ಮೀಟರ್ ಉದ್ದದ ತುಂಡು ನಿಂತಿದೆ. ಅದು 1961ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಎಬ್ಬಿಸಿದ್ದು, ನಾಜಿಗಳಿಗೂ ಅದಕ್ಕೂ ಹದಿನಾರು ವರ್ಷಗಳ ಅಂತರ. ಎರಡು ಚರಿತ್ರೆಗಳು ಒಂದೇ ಫೋಟೊದಲ್ಲಿ ಬರುವುದರಿಂದ ಮಕ್ಕಳಿಗೆ ವಿವರಿಸುವಾಗ ಬೆರೆಸಿಬಿಡುತ್ತೇವೆ.

ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಯುರೋಪಿನ ಹತ ಯಹೂದಿಗಳ ಸ್ಮಾರಕವಿದೆ. ಪೀಟರ್ ಐಸೆನ್‌ಮನ್ ವಿನ್ಯಾಸಗೊಳಿಸಿದ 2,700ಕ್ಕೂ ಹೆಚ್ಚು ಕಾಂಕ್ರೀಟ್ ದಿಮ್ಮಿಗಳ ಈ ಬಯಲು 2005ರಲ್ಲಿ ತೆರೆಯಿತು. ಅಂಚಿನಲ್ಲಿ ಮೊಣಕಾಲೆತ್ತರವಿರುವ ದಿಮ್ಮಿಗಳು ಒಳಹೋದಂತೆ ನಿಮ್ಮ ತಲೆ ಮೀರಿ ಬೆಳೆಯುತ್ತವೆ, ನೆಲವೂ ಏರಿಳಿಯುತ್ತದೆ. ಮಂಡಿ ನೋವಿನವರು ನಿಧಾನವಾಗಿ ಹೆಜ್ಜೆಯಿಡಬೇಕು. ಮಕ್ಕಳು ಕಣ್ಣಾಮುಚ್ಚಾಲೆ ಆಡಲು ತೊಡಗುವುದು ಸಹಜ, ಒಳಹೋಗುವ ಮೊದಲೇ ಅವರಿಗೆ ಹೇಳಿಡಿ. ದಿಮ್ಮಿಗಳ ಮೇಲೆ ಹತ್ತುವುದು, ಒಂದರಿಂದೊಂದಕ್ಕೆ ಹಾರುವುದು ನಿಷಿದ್ಧ.

ಮೇಲಿನ ಬಯಲನ್ನು ಸುತ್ತಿ ಹೊರಟುಬಿಡುವುದು ಎಲ್ಲರೂ ಮಾಡುವ ತಪ್ಪು. ಸ್ಮಾರಕದ ನಿಜವಾದ ಹುರುಳು ನೆಲದಡಿಯ ಮಾಹಿತಿ ಕೇಂದ್ರದಲ್ಲಿದೆ. ಒಂದು ಕೋಣೆಯ ನೆಲದಲ್ಲಿ ಬೆಳಗುವ ಗಾಜಿನ ಫಲಕಗಳು. ಪ್ರತಿಯೊಂದರಲ್ಲೂ ಒಬ್ಬರ ದಿನಚರಿಯ ಸಾಲು ಅಥವಾ ಕೊನೆಯ ಪತ್ರ, ಅವರದೇ ಕೈಬರಹದ ಪ್ರತಿಯೊಂದಿಗೆ. ಇನ್ನೊಂದು ಕತ್ತಲ ಕೋಣೆಯಲ್ಲಿ ಸತ್ತವರ ಹೆಸರು ಮತ್ತು ಚಿಕ್ಕ ಪರಿಚಯವನ್ನು ಒಂದೊಂದಾಗಿ ಓದುತ್ತಾರೆ. ಎಲ್ಲರನ್ನೂ ಹೀಗೆ ಓದಿ ಮುಗಿಸಲು ಆರು ವರ್ಷ ಏಳು ತಿಂಗಳು ಇಪ್ಪತ್ತೇಳು ದಿನ ಬೇಕೆಂದು ಲೆಕ್ಕ ಹಾಕಿದ್ದಾರೆ. ಕೆಳಗಿಳಿಯುವಾಗ ಭದ್ರತಾ ತಪಾಸಣೆ ಇರುತ್ತದೆ, ದೊಡ್ಡ ಚೀಲ ತರಬೇಡಿ. ಈ ಕೇಂದ್ರಕ್ಕೆ ಸೋಮವಾರ ರಜೆ.

ಹಿಟ್ಲರ್ 30 ಏಪ್ರಿಲ್ 1945ರಂದು ಆತ್ಮಹತ್ಯೆ ಮಾಡಿಕೊಂಡ ನೆಲಮಾಳಿಗೆಯಿದ್ದ ಜಾಗವೂ ಹತ್ತಿರದಲ್ಲೇ ಇದೆ, ಎಲ್ಲರೂ ಕೇಳುವುದು ಇದನ್ನೇ. ಈಗ ಅಲ್ಲಿರುವುದು ವಾಹನ ನಿಲುಗಡೆಯ ಜಾಗ ಮತ್ತು 2006ರಲ್ಲಿ ನೆಟ್ಟ ಒಂದು ಮಾಹಿತಿ ಫಲಕ. ಅದು ಯಾತ್ರಾಸ್ಥಳವಾಗಬಾರದೆಂದು ಉದ್ದೇಶಪೂರ್ವಕವಾಗಿಯೇ ಹಾಗೆ ಬಿಟ್ಟಿದ್ದಾರೆ. ಐದು ನಿಮಿಷ ಸಾಕು, ಹೋಗದಿದ್ದರೂ ನಷ್ಟವಿಲ್ಲ.

ಸಮಯ ಉಳಿದರೆ ಟಿಯರ್‌ಗಾರ್ಟನ್‌ಸ್ಟ್ರಾಸೆ 4ರಲ್ಲಿರುವ ನೀಲಿ ಗಾಜಿನ ಗೋಡೆಯ ಸ್ಮಾರಕಕ್ಕೆ ಹೋಗಿ. ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಕೊಲ್ಲುವ ಯೋಜನೆಯನ್ನು ನಡೆಸುತ್ತಿದ್ದ ಕಚೇರಿ ಈ ವಿಳಾಸದಲ್ಲಿತ್ತು. ಟಿ4 ಎಂಬ ಹೆಸರು ಬಂದದ್ದು ಅದರಿಂದಲೇ. 1940ರ ಜನವರಿಯಿಂದ 1941ರ ಆಗಸ್ಟ್‌ವರೆಗೆ 70,000ಕ್ಕೂ ಹೆಚ್ಚು ಜನರನ್ನು ಅನಿಲ ಕೋಣೆಗಳಲ್ಲಿ ಕೊಂದರು. ಅನಿಲ ಕೋಣೆಯ ತಂತ್ರವೂ ಅದನ್ನು ನಡೆಸಿದ ಎಷ್ಟೋ ಸಿಬ್ಬಂದಿಯೂ ನಂತರ ಪೋಲೆಂಡಿನ ಹತ್ಯಾ ಶಿಬಿರಗಳಿಗೆ ಹೋದದ್ದು ಇಲ್ಲಿಂದ.

ಸುಭಾಷ್ ಚಂದ್ರ ಬೋಸರ ಜಾಗಗಳನ್ನು ಕೇಳುವವರಿಗೆ ಒಂದು ಮಾತು. ಅವರು 1941ರ ಏಪ್ರಿಲ್‌ನಿಂದ 1943ರ ಫೆಬ್ರವರಿಯವರೆಗೆ ಜರ್ಮನಿಯಲ್ಲಿದ್ದರು. ಆಜಾದ್ ಹಿಂದ್ ಕೇಂದ್ರ ಇದೇ ಟಿಯರ್‌ಗಾರ್ಟನ್ ಪ್ರದೇಶದಲ್ಲಿತ್ತು. ಬರ್ಲಿನ್‌ನಿಂದ ಯಹೂದಿಗಳ ಸಾಗಾಟದ ರೈಲುಗಳು ಹೊರಡಲು ಆರಂಭವಾದದ್ದು ಅದೇ ಅವಧಿಯಲ್ಲಿ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಮ್ಮಂಥವರಿಗೆ ಸುಲಭವಲ್ಲ.

ಹಂತ 4: ಗ್ರೂನೆವಾಲ್ಡ್ ಮತ್ತು ವಾನ್‌ಝೆ, ಒಂದೇ ರೈಲಿನಲ್ಲಿ

ಎಸ್7 ರೈಲಿನ ದಾರಿಯಲ್ಲೇ ಎರಡೂ ಬರುತ್ತವೆ, ಎಬಿ ಟಿಕೆಟ್ ಸಾಕು. ಬೆಳಿಗ್ಗೆ ಮೊದಲು ಗ್ರೂನೆವಾಲ್ಡ್‌ನಲ್ಲಿ ಇಳಿಯಿರಿ. ನಿಲ್ದಾಣದೊಳಗೆ “ಗ್ಲೈಸ್ 17” ಎಂಬ ಸೂಚನೆ ಹಿಡಿದು ಹೋದರೆ 17ನೇ ಹಳಿಗೆ ತಲುಪುತ್ತೀರಿ. 18 ಅಕ್ಟೋಬರ್ 1941ರಂದು ಬರ್ಲಿನ್‌ನ ಯಹೂದಿಗಳನ್ನು ಹೊತ್ತ ಮೊದಲ ರೈಲು ಹೊರಟದ್ದು ಈ ನಿಲ್ದಾಣದಿಂದ. ಹಳಿಯ ಎರಡೂ ಬದಿಗೆ 186 ಉಕ್ಕಿನ ತಟ್ಟೆಗಳನ್ನು ಹಾಸಿದ್ದಾರೆ, ಸಾಗಾಟಕ್ಕೆ ಒಂದರಂತೆ. ಪ್ರತಿ ತಟ್ಟೆಯ ಅಂಚಿನಲ್ಲಿ ದಿನಾಂಕ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ. ಬೇರೆ ವಿವರಣೆಯಿಲ್ಲ. ಕೊನೆಯ ತಟ್ಟೆಗಳವರೆಗೆ ನಡೆದು ಹೋಗಿ ದಿನಾಂಕ ಓದಿ: 1945ರ ಮಾರ್ಚ್. ಸೋವಿಯತ್ ಸೇನೆ ಓಡರ್ ನದಿಯ ದಡಕ್ಕೆ ಬಂದು ನಿಂತಿದ್ದಾಗಲೂ ಪಟ್ಟಿ ಸಿದ್ಧವಾಗುತ್ತಿತ್ತು. ಹಳಿಗಳ ನಡುವೆ ಬೆಳೆದ ಮರಗಳನ್ನು ಬೇಕೆಂದೇ ಉಳಿಸಿದ್ದಾರೆ, ಈ ಹಳಿಯ ಮೇಲೆ ಇನ್ನೊಂದು ರೈಲು ಓಡುವುದಿಲ್ಲ.

ಎಲ್ಲ ರೈಲುಗಳೂ ಇಲ್ಲಿಂದಲೇ ಹೊರಟವೆಂದು ತಿಳಿಯಬೇಡಿ. ನಗರದೊಳಗಿನ ಮೋಆಬಿಟ್ ಸರಕು ನಿಲ್ದಾಣದಿಂದ ಹೋದವರ ಸಂಖ್ಯೆ ಇದಕ್ಕಿಂತ ದೊಡ್ಡದು.

ಮತ್ತೆ ಎಸ್7 ಹತ್ತಿ ವಾನ್‌ಝೆಯಲ್ಲಿ ಇಳಿದು 114ನೇ ಬಸ್ ಹಿಡಿಯಿರಿ. ಕೆರೆಯ ದಡದ ಚೆಲುವಾದ ಬಂಗಲೆಯದು. 20 ಜನವರಿ 1942ರಂದು ಎಸ್‌ಎಸ್‌ನ ಹಿರಿಯ ಅಧಿಕಾರಿ ರೈನ್‌ಹಾರ್ಡ್ ಹೈಡ್ರಿಶ್‌ನ ಅಧ್ಯಕ್ಷತೆಯಲ್ಲಿ ಹದಿನೈದು ಅಧಿಕಾರಿಗಳು ಇಲ್ಲಿ ಸುಮಾರು ಒಂದೂವರೆ ಗಂಟೆ ಸಭೆ ಸೇರಿದರು. ಆಹ್ವಾನ ಪತ್ರದಲ್ಲಿ ಸಭೆಯ ನಂತರ ಉಪಾಹಾರವಿದೆಯೆಂದು ಬರೆದಿತ್ತು. ಯಹೂದಿಗಳನ್ನು ಕೊಲ್ಲುವ ನಿರ್ಧಾರವಾದದ್ದು ಈ ಸಭೆಯಲ್ಲಿ ಎಂದು ಬಹಳ ಕಡೆ ಓದುತ್ತೇವೆ, ಅದು ತಪ್ಪು. 1941ರ ಬೇಸಿಗೆಯಿಂದಲೇ ಪೂರ್ವದಲ್ಲಿ ಲಕ್ಷಾಂತರ ಜನರನ್ನು ಗುಂಡಿಕ್ಕಿ ಕೊಂದಾಗಿತ್ತು. ಯಾವ ಇಲಾಖೆ ಯಾವ ಕೆಲಸ ಮಾಡಬೇಕು, ಯಾರ ಮಾತು ನಡೆಯಬೇಕು ಎಂಬ ಹೊಂದಾಣಿಕೆ ಈ ಸಭೆಯ ಕೆಲಸವಾಗಿತ್ತು.

ಇಲ್ಲಿ ನೋಡಲೇಬೇಕಾದದ್ದು ಸಭೆಯ ನಡಾವಳಿ. ಮೂವತ್ತು ಪ್ರತಿಗಳಲ್ಲಿ 16ನೆಯದು ಮಾತ್ರ ಉಳಿದು 1947ರಲ್ಲಿ ಸಿಕ್ಕಿತು. ಅದರ ಒಂದು ಪುಟದಲ್ಲಿ ಯುರೋಪಿನ ದೇಶಗಳ ಪಟ್ಟಿ, ಪ್ರತಿ ದೇಶದ ಎದುರು ಯಹೂದಿಗಳ ಸಂಖ್ಯೆ, ಕೊನೆಗೆ ಮೊತ್ತ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಇಂಗ್ಲೆಂಡ್, ಐರ್ಲೆಂಡ್ ಕೂಡ ಪಟ್ಟಿಯಲ್ಲಿವೆ. ಕೊಲ್ಲು ಎಂಬ ಪದ ಎಲ್ಲೂ ಇಲ್ಲ. ಇರುವುದು “ಎವಾಕುಯೀರುಂಗ್”, ತೆರವು. ಸರ್ಕಾರಿ ಟಿಪ್ಪಣಿ ಬರೆದು ಅಭ್ಯಾಸವಿರುವವರಿಗೆ ಆ ಭಾಷೆ ಎಷ್ಟು ಪರಿಚಿತವೆನಿಸುತ್ತದೆ ಎಂಬುದೇ ಮೈ ತಣ್ಣಗಾಗಿಸುತ್ತದೆ.

ಎರಡೇ ದಿನ ಇರುವವರು ಗ್ರೂನೆವಾಲ್ಡನ್ನು ಉಳಿಸಿಕೊಂಡು ವಾನ್‌ಝೆಯನ್ನು ಬಿಡಬಹುದು. ನಡಾವಳಿಯ ಪ್ರತಿಯನ್ನು ಅಂತರ್ಜಾಲದಲ್ಲೂ ಓದಬಹುದು.

ಹಂತ 5: ಸಾಕ್ಸೆನ್‌ಹೌಸೆನ್

ಇದಕ್ಕೆ ಇಡೀ ದಿನ ಮೀಸಲಿಡಿ, ಅದೇ ದಿನ ಬೇರೇನನ್ನೂ ಜೋಡಿಸಬೇಡಿ. ಎಸ್1 ರೈಲಿನ ಕೊನೆಯ ನಿಲ್ದಾಣ ಒರಾನಿಯೆನ್‌ಬುರ್ಗ್, ಫ್ರೀಡ್ರಿಶ್‌ಸ್ಟ್ರಾಸೆಯಿಂದ ಮುಕ್ಕಾಲು ಗಂಟೆಯ ಪ್ರಯಾಣ. ಅಲ್ಲಿಂದ ಬಸ್ಸುಂಟು, ಆದರೆ ಅಪರೂಪಕ್ಕೊಂದು. ನಡೆದರೆ ಇಪ್ಪತ್ತು ನಿಮಿಷ. ನಡೆಯಲು ಶಕ್ತಿಯಿದ್ದವರು ನಡೆಯುವುದೇ ಸರಿ. ಕೈದಿಗಳನ್ನು ಹಗಲು ಹೊತ್ತಿನಲ್ಲಿ ಊರಿನ ಬೀದಿಗಳಲ್ಲೇ ನಡೆಸಿಕೊಂಡು ಹೋಗುತ್ತಿದ್ದರು, ದಾರಿಯ ಎರಡೂ ಬದಿಗೆ ಮನೆಗಳಿದ್ದವು. ಶಿಬಿರದಲ್ಲಿ ಊಟದ ವ್ಯವಸ್ಥೆಯನ್ನು ನಂಬಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರು ರೈಲಿನಲ್ಲೋ ನಿಲ್ದಾಣದಲ್ಲೋ ತಿಂದು ಒಳಹೋಗಬೇಕು. ಚಿತ್ರಾನ್ನದ ಡಬ್ಬಿಯನ್ನು ಶಿಬಿರದ ಹುಲ್ಲಿನ ಮೇಲೆ ಬಿಚ್ಚುವುದು ಸಲ್ಲದು.

ಇದು ಬಯಲು. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿಗೆ ಅಡ್ಡವೇ ಇಲ್ಲ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ದಪ್ಪ ಅಟ್ಟೆಯ ಶೂ, ಕಿವಿ ಮುಚ್ಚುವ ಟೋಪಿ ಬೇಕು.

ಎರಡು ಪದಗಳ ವ್ಯತ್ಯಾಸ ಮೊದಲೇ ತಿಳಿದಿರಲಿ. ಕಾನ್ಸಂಟ್ರೇಷನ್ ಕ್ಯಾಂಪ್ ಎಂದರೆ ವಿಚಾರಣೆಯಿಲ್ಲದೆ ಕೂಡಿಹಾಕಿ, ದುಡಿಸಿ, ಹಸಿವು ಮತ್ತು ಹಿಂಸೆಯಿಂದ ಸಾಯಿಸುತ್ತಿದ್ದ ಯಾತನಾ ಶಿಬಿರ. ಟ್ರೆಬ್ಲಿಂಕಾ, ಸೋಬಿಬೋರ್‌ಗಳಂಥವು ಬಂದವರನ್ನು ಗಂಟೆಗಳೊಳಗೆ ಕೊಲ್ಲಲೆಂದೇ ಕಟ್ಟಿದ ಹತ್ಯಾ ಶಿಬಿರಗಳು. ಸಾಕ್ಸೆನ್‌ಹೌಸೆನ್ ಮೊದಲನೆಯ ಬಗೆಯದು, 1936ರಲ್ಲಿ ಕಟ್ಟಿದ್ದು. ಇತರ ಶಿಬಿರಗಳಿಗೆ ಮಾದರಿ ಮತ್ತು ತರಬೇತಿ ಕೇಂದ್ರ. 1945ರವರೆಗೆ 2 ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ಕೈದಿಗಳಾಗಿದ್ದರು.

ದ್ವಾರದ ಕಬ್ಬಿಣದ ಅಕ್ಷರಗಳ ಮುಂದೆ, “ಅರ್ಬೈಟ್ ಮಾಖ್ಟ್ ಫ್ರೈ”, ಅಂದರೆ ದುಡಿಮೆ ಬಿಡುಗಡೆ ಕೊಡುತ್ತದೆ ಎಂಬ ಬರಹದ ಮುಂದೆ, ಜನ ಮುಗಿಬೀಳುತ್ತಾರೆ. ಒಳಗೆ ಹೋದ ಮೇಲೆ ಹಾಜರಿ ಮೈದಾನದ ಅಂಚಿನಲ್ಲಿ ಬೇರೆ ಬೇರೆ ಬಗೆಯ ನೆಲದ ಪಟ್ಟಿಯೊಂದಿದೆ, ಅದನ್ನು ಹುಡುಕಿ. ಜಲ್ಲಿ, ಮರಳು, ಒಡೆದ ಕಲ್ಲು. ಸೇನೆಗೆ ಬೇಕಾದ ಶೂಗಳ ಅಟ್ಟೆ ಎಷ್ಟು ಬಾಳುತ್ತದೆಂದು ಪರೀಕ್ಷಿಸಲು ಕೈದಿಗಳನ್ನು ಇದರ ಮೇಲೆ ದಿನಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ನಡೆಸುತ್ತಿದ್ದರು. ಅಲ್ಲಿಂದ 38 ಮತ್ತು 39ನೇ ಬ್ಯಾರಕ್‌ಗಳು. 38ರ ಗೋಡೆಯ ಬಣ್ಣ ಗುಳ್ಳೆಗುಳ್ಳೆಯಾಗಿ ಸುಟ್ಟಿರುವುದು ಯುದ್ಧದ ಗುರುತಲ್ಲ. 1992ರಲ್ಲಿ ಬಲಪಂಥೀಯ ಉಗ್ರರು ಬೆಂಕಿ ಹಚ್ಚಿದ್ದು, ಅದನ್ನೂ ಹಾಗೆಯೇ ಉಳಿಸಿದ್ದಾರೆ. ಕೊನೆಗೆ ಶ್ಟಾಟ್ಸಿಯೋನ್ ಝೆಡ್, ಅಂದರೆ ನಿಲ್ದಾಣ ಝೆಡ್. ಪ್ರವೇಶ ಕಟ್ಟಡಕ್ಕೆ ಎ, ಸಾವಿನ ಕಟ್ಟಡಕ್ಕೆ ಕೊನೆಯ ಅಕ್ಷರ, ಎಸ್‌ಎಸ್‌ನವರ ಹಾಸ್ಯ. 1941ರ ಶರತ್ಕಾಲದಲ್ಲಿ ಈ ಶಿಬಿರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳನ್ನು ಕೊಂದರು: ಎತ್ತರ ಅಳೆಯುವ ನೆಪದಲ್ಲಿ ನಿಲ್ಲಿಸಿ ಹಿಂದಿನಿಂದ ಕುತ್ತಿಗೆಗೆ ಗುಂಡು. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಇಲ್ಲಿಗೆ ಕರೆತರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹಂತ 1 ಮತ್ತು 2 ಅವರಿಗೆ ಸಾಕು.

ಸೋವಿಯತ್ ವಿಶೇಷ ಶಿಬಿರದ ಪ್ರದರ್ಶನವನ್ನು ದಣಿದವರು ಬಿಟ್ಟುಬಿಡುತ್ತಾರೆ. 1945ರಿಂದ 1950ರವರೆಗೆ ಸೋವಿಯತ್ ಅಧಿಕಾರಿಗಳು ಇದೇ ಬ್ಯಾರಕ್‌ಗಳಲ್ಲಿ ಸುಮಾರು 60,000 ಜನರನ್ನಿಟ್ಟಿದ್ದರು, ಅವರಲ್ಲಿ ಕನಿಷ್ಠ 12,000 ಜನ ಹಸಿವು ಮತ್ತು ರೋಗದಿಂದ ಸತ್ತರು. ಅರ್ಧ ಗಂಟೆಯಾದರೂ ಅದಕ್ಕೆ ಉಳಿಸಿಕೊಳ್ಳಿ.

ಇಂಗ್ಲಿಷ್ ಆಡಿಯೊ ಗೈಡ್ ಪ್ರವೇಶದಲ್ಲಿ ಬಾಡಿಗೆಗೆ ಸಿಗುತ್ತದೆ. ನಗರದಿಂದ ಗುಂಪು ಕಟ್ಟಿಕೊಂಡು ಹೋಗುವ ಪ್ರವಾಸಕ್ಕೆ ಸೇರುವುದಾದರೆ ಸ್ಮಾರಕದ ಪರವಾನಗಿ ಇರುವ ಮಾರ್ಗದರ್ಶಕರೇ ಎಂದು ಕೇಳಿ ತಿಳಿಯಿರಿ. ಸಂಜೆಗೆ ಸ್ನೇಹಿತರ ಮನೆಯ ಊಟ, ಪಾರ್ಟಿ ಒಪ್ಪಿಕೊಳ್ಳಬೇಡಿ; ಬಹಳ ಜನರಿಗೆ ಮಾತಾಡುವ ಮನಸ್ಸಿರುವುದಿಲ್ಲ. ಹಿಂತಿರುಗುವಾಗ ಬೆಳಗಿನ ಒಂಟಿ ಟಿಕೆಟ್ಟಿನ ಅವಧಿ ಮುಗಿದಿರುತ್ತದೆ; ಒರಾನಿಯೆನ್‌ಬುರ್ಗ್‌ನಲ್ಲಿ ಮತ್ತೆ ಎಬಿಸಿ ಟಿಕೆಟ್ಟನ್ನೇ ಕೊಂಡು ಮುದ್ರೆ ಹಾಕಿಸಿ, ಇಲ್ಲವೇ ಬೆಳಿಗ್ಗೆಯೇ ದಿನದ ಟಿಕೆಟ್ ತೆಗೆದುಕೊಂಡಿರಿ.